ಎರಡು ಜೀವದ ಉಪಾಧ್ಯಾಯಿನಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ಬಸುರಿಯಾದಳೆಂದರೆ ಮನೆಯವರಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಬಯಕೆಯ ಊಟ ಯಾವಾಗ, ಸೀಮಂತ ಯಾವ ತಿಂಗಳಲ್ಲಿ, ಮಡಿಲು ತುಂಬುವಾಗ ಎಷ್ಟು ಕೊಬ್ಬರಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯುವುದು ಯಾವ ದಿನ, ಬಾಣಂತಿಯ ಖಾರಕ್ಕೆ ಯಾವ ಯಾವ ಸಾಮಾನು, ಎಲ್ಲಕ್ಕೂ ಒಂದೊಂದು ಕ್ರಮವುಂಟು. ಹಾಲ್ಕುರಿಕೆಯಂತಹ ಊರಿನಲ್ಲಿ ಆ ಕ್ರಮವನ್ನು ಬಲ್ಲ ಹಿರಿಯ ಹೆಂಗಸರು ಬೀದಿಗೆ ನಾಲ್ವರಾದರೂ ಸಿಕ್ಕಾರು. ಆದರೆ ಅದೇ ಹೆಣ್ಣುಮಗಳು ಬೆಳಿಗ್ಗೆ ಕೈಚೀಲ ಹಿಡಿದು ಪಾಠಶಾಲೆಗೆ ಹೊರಟಳೆಂದರೆ, ಮನೆಯ ಹೊಸ್ತಿಲಿನಾಚೆಗೆ ಅಂತಹ ಕ್ರಮ ಯಾವುದೂ ಇಲ್ಲ. ಅಲ್ಲಿ ಆಕೆ ಮಕ್ಕಳಿಗೆ ಕಲಿಸುವ ಮೇಡಂ. ಆಕೆಯ ಒಡಲಿನಲ್ಲಿ ಇನ್ನೊಂದು ಜೀವವುಂಟೆಂಬುದು ಆಕೆಯೊಬ್ಬಳ ಗುಟ್ಟು.

ಊರು ಈ ಬಸಿರನ್ನು ಎರಡು ಬಗೆಯಾಗಿ ಕಾಣುತ್ತದೆ. ಮನೆಯ ಸೊಸೆ ಬಸುರಿಯಾದರೆ ಸಂತೋಷ. ಶಾಲೆಯ ಉಪಾಧ್ಯಾಯಿನಿ ಬಸುರಿಯಾದರೆ ಚಿಂತೆ. "ಇನ್ನು ಮಕ್ಕಳ ಪಾಠದ ಗತಿಯೇನು?" ಎಂಬ ಮಾತು ಮೊದಲು ಹುಟ್ಟುತ್ತದೆ. ಆ ಚಿಂತೆ ನಿರಾಧಾರವಾದುದೇನೂ ಅಲ್ಲ. ಇಬ್ಬರೇ ಉಪಾಧ್ಯಾಯರಿರುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಆರು ತಿಂಗಳು ರಜೆಯ ಮೇಲೆ ಹೋದರೆ, ಉಳಿದೊಬ್ಬರ ತಲೆಯ ಮೇಲೆ ಐದು ತರಗತಿಗಳು, ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಇಲಾಖೆಯ ಸಭೆ ಎಲ್ಲವೂ ಬೀಳುತ್ತವೆ. ಇದನ್ನೆಲ್ಲ ಬಲ್ಲ ಉಪಾಧ್ಯಾಯಿನಿ ತಾನೇನೋ ಅಪರಾಧ ಮಾಡಿದವಳಂತೆ ಕುಗ್ಗುತ್ತಾಳೆ. ಸೆರಗನ್ನು ಅಗಲವಾಗಿ ಹೊದ್ದು, ವಾಕರಿಕೆಯನ್ನು ಅಜೀರ್ಣವೆಂದು ಹೇಳಿ, ಐದನೆಯ ತಿಂಗಳವರೆಗೂ ಸಂಗತಿಯನ್ನು ಮರೆಮಾಡುತ್ತಾಳೆ. ಹೊಸದಾಗಿ ಕೆಲಸಕ್ಕೆ ಸೇರಿದವಳಾದರಂತೂ, "ಬಂದದ್ದೇ ತಡ, ರಜೆ ಕೇಳುವ ಯೋಗ" ಎಂಬ ಕೊಂಕು ನುಡಿಯ ಭಯ ಬೇರೆ.

ಈ ಮರೆಮಾಚುವಿಕೆಯೇ ಎಲ್ಲ ಕಷ್ಟಗಳ ಬೇರು. ಅದರಿಂದ ತಾಯಿಗೂ ಕ್ಷೇಮವಿಲ್ಲ, ಶಾಲೆಗೂ ಲಾಭವಿಲ್ಲ.

ಕೊಂಚ ವಿಚಾರ ಮಾಡಿದರೆ ತಿಳಿಯುತ್ತದೆ. ಜ್ವರ ಹೇಳದೆ ಬರುತ್ತದೆ. ಅಪಘಾತ ಹೇಳದೆ ಬರುತ್ತದೆ. ವರ್ಗಾವಣೆಯ ಆಜ್ಞೆ ಒಂದೇ ದಿನದಲ್ಲಿ ಬಂದು ಉಪಾಧ್ಯಾಯರನ್ನು ಎತ್ತಿಕೊಂಡು ಹೋಗುತ್ತದೆ. ಉಪಾಧ್ಯಾಯರು ಶಾಲೆಯನ್ನು ಬಿಟ್ಟಿರಬೇಕಾದ ಕಾರಣಗಳಲ್ಲಿ ಹೆರಿಗೆಯೊಂದೇ ಆರೇಳು ತಿಂಗಳ ಮುಂಚೆ ಸೂಚನೆ ಕೊಟ್ಟು ಬರತಕ್ಕದ್ದು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ. ಆ ಕಾಯಿ ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಮತ್ತೆ ಹತ್ತು ಹನ್ನೊಂದು ತಿಂಗಳು. ಎರಡು ವರ್ಷ ಮುಂದಿನ ಫಲವನ್ನು ಈಗಲೇ ಲೆಕ್ಕ ಹಾಕಿ ಬಾಳುವ ಸೀಮೆಯಲ್ಲಿ, ಏಳು ತಿಂಗಳ ಮುಂಚೆಯೇ ತಿಳಿಯುವ ರಜೆಗೆ ಬದಲು ಏರ್ಪಾಡು ಮಾಡಿಕೊಳ್ಳುವುದು ಕಷ್ಟವೆನ್ನುವುದು ಸೋಜಿಗವಲ್ಲವೇ? ಸೂಚನೆಯನ್ನು ಮರೆಮಾಡಿದಾಗ ಮಾತ್ರ ಅದು ಕಷ್ಟವಾಗುತ್ತದೆ. ಮುಖ್ಯೋಪಾಧ್ಯಾಯರಿಗೆ ಮೂರನೆಯ ತಿಂಗಳಲ್ಲಿ ತಿಳಿದರೆ ಅವರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಬಹುದು, ನೆರೆಯ ಶಾಲೆಯಿಂದ ನಿಯೋಜನೆ ಕೇಳಬಹುದು, ಪಾಠಗಳನ್ನು ಹಿಂದುಮುಂದಾಗಿ ಜೋಡಿಸಬಹುದು. ಎಂಟನೆಯ ತಿಂಗಳಲ್ಲಿ ತಿಳಿದರೆ ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುವುದೊಂದೇ ದಾರಿ.

"ಮೂರು ತಿಂಗಳು ತುಂಬುವವರೆಗೆ ಹೊರಗೆ ಆಡಬಾರದು" ಎಂಬ ಹಿರಿಯರ ಮಾತೊಂದುಂಟು. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಕಾರಣವಿಲ್ಲ. ಗರ್ಭಸ್ರಾವಗಳಲ್ಲಿ ಹೆಚ್ಚಿನವು ಮೊದಲ ಹನ್ನೆರಡು ವಾರಗಳಲ್ಲಿಯೇ ಆಗುತ್ತವೆ. ಊರಿಗೆಲ್ಲ ಸಾರಿ ಆಮೇಲೆ ಊರಿಗೆಲ್ಲ ಉತ್ತರ ಕೊಡುವ ಸಂಕಟದಿಂದ ಹೆಣ್ಣನ್ನು ಆ ಮಾತು ಕಾಪಾಡುತ್ತಿತ್ತು. ಆದರೆ ಊರಿಗೆ ಹೇಳದಿರುವುದು ಬೇರೆ, ಹೇಳಲೇಬೇಕಾದವರಿಗೆ ಹೇಳದಿರುವುದು ಬೇರೆ. ಆರೋಗ್ಯ ಕೇಂದ್ರದ ದಾದಿಗೆ ಹನ್ನೆರಡು ವಾರಗಳೊಳಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಬೇಕು. ಶಾಲೆಯಲ್ಲಿಯೂ ನಂಬಿಕೆಗೆ ಅರ್ಹರಾದ ಒಬ್ಬರಿಗೆ, ಸಾಧ್ಯವಾದರೆ ಮುಖ್ಯಸ್ಥರಿಗೇ, ಸಂಗತಿ ಗೊತ್ತಿರಬೇಕು. ಏಕೆಂದರೆ ಉಪಾಧ್ಯಾಯಿನಿಯ ವೃತ್ತಿಗೇ ಅಂಟಿಕೊಂಡ ಕೆಲವು ಅಪಾಯಗಳು ಇದೇ ಮೊದಲ ಮೂರು ತಿಂಗಳುಗಳಲ್ಲಿ ಹೆಚ್ಚು ತೀಕ್ಷ್ಣವಾಗಿರುತ್ತವೆ.

ಮಕ್ಕಳಿರುವಲ್ಲಿ ಮಕ್ಕಳ ಕಾಯಿಲೆಗಳೂ ಇರುತ್ತವೆ. ಜರ್ಮನ್ ದಡಾರ ಅಥವಾ ರುಬೆಲ್ಲಾ ಎಂಬ ರೋಗ ಮಗುವಿಗೆ ಬಂದರೆ ನಾಲ್ಕು ದಿನದ ಜ್ವರ, ಮೈಮೇಲೆ ತೆಳುವಾದ ಗಂಧೆ, ಅಷ್ಟಕ್ಕೇ ಮುಗಿಯಬಹುದು. ಅದೇ ರೋಗ ಬಸಿರಿನ ಆರಂಭದಲ್ಲಿ ತಾಯಿಗೆ ತಗುಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡುತನ, ಹೃದಯದ ದೋಷಗಳು ಬರಬಹುದು. ಈ ಸಂಬಂಧವನ್ನು ೧೯೪೧ರಲ್ಲಿ ಮೊದಲಿಗೆ ಗುರುತಿಸಿದವರು ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್. ಕರ್ನಾಟಕದಲ್ಲಿ ೨೦೧೭ರ ಫೆಬ್ರವರಿಯಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಶಾಲೆಗಳೇ ಅದರ ಮುಖ್ಯ ಕೇಂದ್ರಗಳಾಗಿದ್ದವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಲಸಿಕೆ ಹಾಕಿಸಿದ ಉಪಾಧ್ಯಾಯಿನಿ ತನಗೆ ಆ ರಕ್ಷಣೆಯುಂಟೇ ಎಂದು ಕೇಳಿಕೊಂಡಿರುವುದು ಅಪರೂಪ. ಬಸಿರಾದ ಮೇಲೆ ಈ ಲಸಿಕೆಯನ್ನು ಹಾಕಿಸಿಕೊಳ್ಳಬಾರದು. ಮಗುವನ್ನು ಬಯಸುವವರು ವೈದ್ಯರನ್ನು ಕೇಳಿ, ಬಸಿರಿಗೆ ಕನಿಷ್ಠ ಒಂದು ತಿಂಗಳು ಮುಂಚೆಯೇ ಹಾಕಿಸಿಕೊಳ್ಳತಕ್ಕದ್ದು.

ಹಳ್ಳಿಗಳಲ್ಲಿ "ಅಮ್ಮ" ಎಂದು ಕರೆಯುವ ಸೀತಾಳೆ ಸಿಡುಬಿನ ವಿಚಾರವೂ ಹೀಗೆಯೇ. ಬಾಲ್ಯದಲ್ಲಿ ಅದು ಬಂದುಹೋಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಬಾರದೆ ಇದ್ದವಳ ತರಗತಿಯಲ್ಲಿ ಮಗುವಿಗೆ ಅಮ್ಮ ಎದ್ದರೆ, ನಾಳೆ ನೋಡೋಣವೆನ್ನದೆ ಅಂದೇ ವೈದ್ಯರನ್ನು ಕಾಣಬೇಕು. ಬಸಿರಿನ ಸಂಗತಿ ಮುಖ್ಯೋಪಾಧ್ಯಾಯರಿಗೆ ತಿಳಿದಿದ್ದರೆ ತಾನೇ, ಯಾವ ತರಗತಿಯಲ್ಲಿ ಯಾವ ಮಗುವಿಗೆ ಗುಳ್ಳೆ ಎದ್ದಿದೆಯೆಂಬುದನ್ನು ಆಕೆಗೆ ಮೊದಲು ತಿಳಿಸುವುದು?

ಇನ್ನು ದಿನದ ದುಡಿಮೆ. ಹೊಟ್ಟೆ ಬರಿದಾದಷ್ಟೂ ವಾಕರಿಕೆ ಹೆಚ್ಚು. ಬೆಳಿಗ್ಗೆ ಎಂಟಕ್ಕೆ ತಿಂದು ಮಧ್ಯಾಹ್ನದ ಗಂಟೆಯವರೆಗೆ ಏನನ್ನೂ ಮುಟ್ಟದೆ ಇರುವುದು ಶಾಲೆಯ ಶಿಸ್ತಿರಬಹುದು, ಬಸುರಿಯ ಶಿಸ್ತಲ್ಲ. ಎರಡು ಪಾಠಗಳ ನಡುವೆ ಒಂದು ಬಾಳೆಯ ಹಣ್ಣೋ, ಹಿಡಿ ಹುರಿಗಡಲೆಯೋ, ಒಂದು ತುಂಡು ಕೊಬ್ಬರಿ ಬೆಲ್ಲವೋ ಬಾಯಿಗೆ ಹಾಕಿಕೊಂಡರೆ ಯಾವ ಮಗುವೂ ದಾರಿ ತಪ್ಪುವುದಿಲ್ಲ. ಮಕ್ಕಳೊಡನೆ ನೆಲದ ಮೇಲೆ ಕುಳಿತು ಕಲಿಸುವ ನಲಿ-ಕಲಿಯ ಪದ್ಧತಿ ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ನಾಡಿಗೆಲ್ಲ ಹಬ್ಬಿದುದು, ಪದ್ಧತಿ ಒಳ್ಳೆಯದೇ. ಆದರೆ ಏಳು ತಿಂಗಳ ಹೊಟ್ಟೆಯನ್ನು ಹೊತ್ತವಳು ಗುಂಪಿನಿಂದ ಗುಂಪಿಗೆ ನೆಲ ಹಿಡಿದು ಏಳುವುದು, ಕೂರುವುದು ಸುಲಭವಲ್ಲ. ಒಂದು ಗಿಡ್ಡ ಮಣೆಯನ್ನೋ ಕುರ್ಚಿಯನ್ನೋ ಇಟ್ಟುಕೊಂಡು ಮಕ್ಕಳನ್ನೇ ತನ್ನ ಬಳಿಗೆ ಕರೆದರಾಯಿತು. ಆ ತಿಂಗಳುಗಳಲ್ಲಿ ಮೇಲಿನ ತರಗತಿಗಳನ್ನು ಆಕೆ ವಹಿಸಿಕೊಂಡು, ಚಿಕ್ಕವರನ್ನು ಸಹೋದ್ಯೋಗಿಗೆ ಬಿಟ್ಟರೆ ಇನ್ನೂ ಮೇಲು. ಪಾಠವನ್ನು ನಿಂತೇ ಹೇಳಬೇಕೆಂದು ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಎಲ್ಲಕ್ಕಿಂತ ಸಂಕೋಚದ ವಿಷಯವೊಂದುಂಟು; ಅದನ್ನೂ ಹೇಳಲೇಬೇಕು. ಶೌಚಗೃಹ ಸರಿಯಿಲ್ಲದ, ಇದ್ದರೂ ನೀರಿಲ್ಲದ ಶಾಲೆಗಳಲ್ಲಿ ಉಪಾಧ್ಯಾಯಿನಿಯರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ದಿನ ದೂಡುತ್ತಾರೆ. ಬಸಿರಿನಲ್ಲಿ ಹೀಗೆ ಮೂತ್ರವನ್ನು ತಡೆದರೆ ಮೂತ್ರನಾಳದ ಸೋಂಕು ಸುಲಭವಾಗಿ ಹತ್ತುತ್ತದೆ. ಅದು ಏರಿದರೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಳ್ಳುವುದೂ ಉಂಟು. ಶಾಲಾಭಿವೃದ್ಧಿ ಸಮಿತಿಯವರು ವೇದಿಕೆಗೆ ಬಣ್ಣ ಬಳಿಸುವ ಮುಂಚೆ ಈ ಒಂದು ಬಾಗಿಲಿನ ಚಿಲಕವನ್ನೂ ಒಂದು ತೊಟ್ಟಿ ನೀರನ್ನೂ ವಿಚಾರಿಸಿದರೆ, ಉಪಾಧ್ಯಾಯಿನಿಗೂ ದೊಡ್ಡ ಹೆಣ್ಣುಮಕ್ಕಳಿಗೂ ಉಪಕಾರವಾದೀತು.

ರಕ್ತಹೀನತೆ ಈ ನಾಡಿನ ಬಸುರಿಯರ ಹಳೆಯ ಶತ್ರು. ೨೦೧೯-೨೦ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ೪೫ ಮಂದಿಗೆ ರಕ್ತ ಸಾಲದೆಂದು ಕಂಡುಬಂದಿತು. ಹೀಮೋಗ್ಲೋಬಿನ್ ಡೆಸಿಲೀಟರಿಗೆ ೧೧ ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಸಂಜೆಯ ಹೊತ್ತಿಗೆ ಕಣ್ಣು ಕತ್ತಲಿಡುವುದು, ಕರಿಹಲಗೆಯ ಮುಂದೆ ಏದುಸಿರು ಬರುವುದು ಕೆಲಸದ ಆಯಾಸವೇ ಇರಬೇಕೆಂದಿಲ್ಲ. ನಾಲ್ಕನೆಯ ತಿಂಗಳಿನಿಂದ ೧೮೦ ದಿನ ಕಬ್ಬಿಣದ ಗುಳಿಗೆಯನ್ನು ನಿತ್ಯವೂ ನುಂಗಬೇಕು. ಕಾಫಿ, ಚಹ, ಹಾಲುಗಳೊಡನೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ, ನಿಂಬೆಯ ರಸದೊಡನೆ ಚೆನ್ನಾಗಿ ಹತ್ತುತ್ತದೆ. ರಾಗಿಯ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಮೊಟ್ಟೆ ಇವು ಈ ಸೀಮೆಯ ಅಡಿಗೆಮನೆಗೆ ಹೊಸತಲ್ಲ. ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ಅಭ್ಯಾಸವನ್ನು ಮಾತ್ರ ಬಿಡಬೇಕು. ದಿನ ತುಂಬುವುದರೊಳಗೆ ಕನಿಷ್ಠ ನಾಲ್ಕು ಸಲ ಪರೀಕ್ಷೆಯಾಗಬೇಕು. ಪ್ರತಿ ತಿಂಗಳ ೯ನೆಯ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುವ ಏರ್ಪಾಡು ೨೦೧೬ರಿಂದ ಇದೆ. ಅಂದು ಅರ್ಧ ದಿನದ ರಜೆ ಕೇಳಲು ಹಿಂಜರಿಯಬಾರದು. ರಕ್ತ ಕಾಣಿಸಿಕೊಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈಗಳು ಊದಿಕೊಂಡರೆ, ಕೂಸಿನ ಅಲುಗಾಟ ತಗ್ಗಿದರೆ, ಗಂಟೆ ಬಾರಿಸುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಪಾಠ ನಾಳೆಗೆ ಕಾದೀತು.

ರಜೆಯ ಮಾತಿಗೆ ಬಂದರೆ, ಅದು ಯಾರೋ ದಯೆಗೈದು ಕೊಡುವ ಭಿಕ್ಷೆಯಲ್ಲ. ೧೯೨೮ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಗಿರಣಿ ಹೆಂಗಸರ ಹೆರಿಗೆ ಭತ್ಯದ ಮಸೂದೆ ಬಂದಾಗ, ತಾಯಿಯ ವಿಶ್ರಾಂತಿ ರಾಷ್ಟ್ರದ ಹಿತಕ್ಕೇ ಸೇರಿದುದೆಂದು ಡಾಕ್ಟರ್ ಅಂಬೇಡ್ಕರ್ ಅದರ ಪರವಾಗಿ ವಾದಿಸಿದರು. ಮರುವರ್ಷ ಅದು ಶಾಸನವಾಯಿತು. ಸಂವಿಧಾನದ ೪೨ನೆಯ ವಿಧಿ ಅದೇ ತತ್ತ್ವವನ್ನು ದೇಶಕ್ಕೆಲ್ಲ ಹೇಳಿತು. ೧೯೬೧ರ ಹೆರಿಗೆ ಸೌಲಭ್ಯ ಶಾಸನದಲ್ಲಿ ಹನ್ನೆರಡು ವಾರಗಳಿದ್ದ ವೇತನಸಹಿತ ರಜೆ ೨೦೧೭ರಲ್ಲಿ ಇಪ್ಪತ್ತಾರು ವಾರಗಳಾಯಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ಆ ಅವಧಿಯನ್ನೇ ಉಳಿಸಿಕೊಂಡಿತು. ಕರ್ನಾಟಕದ ಸರಕಾರಿ ಶಾಲೆಯ ಉಪಾಧ್ಯಾಯಿನಿಯರಿಗೆ ನಾಗರಿಕ ಸೇವಾ ನಿಯಮಗಳ ೧೩೫ನೆಯ ನಿಯಮದಂತೆ ಪೂರ್ಣ ವೇತನದ ೧೮೦ ದಿನಗಳ ಪ್ರಸೂತಿ ರಜೆಯುಂಟು. ಇಬ್ಬರು ಮಕ್ಕಳಿರುವವರಿಗೆ ಅದು ದೊರೆಯದು. ೨೦೨೧ರಿಂದ ಮಕ್ಕಳ ಪಾಲನೆಗಾಗಿ ಸೇವಾವಧಿಯಲ್ಲಿ ಒಟ್ಟು ೧೮೦ ದಿನಗಳ ಬೇರೊಂದು ರಜೆಯೂ ಸೇರಿದೆ.

ಮೂರನೆಯ ಮಗುವಿನ ಪ್ರಶ್ನೆ ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತೀರ್ಮಾನಕ್ಕೆ ಬಂದಿತು. ಅಲ್ಲಿಗೆ ಹೋದವರು ನೆರೆಯ ತಮಿಳುನಾಡಿನ ಸರಕಾರಿ ಶಾಲೆಯ ಉಪಾಧ್ಯಾಯಿನಿಯೊಬ್ಬರು. ಮೊದಲ ವಿವಾಹದ ಇಬ್ಬರು ಮಕ್ಕಳು ತಂದೆಯ ಬಳಿಯಿದ್ದರು. ಮರುವಿವಾಹದಲ್ಲಿ ಮಗುವಾಗುವಾಗ, ಈಗಾಗಲೇ ಇಬ್ಬರಿದ್ದಾರೆಂದು ಆಕೆಗೆ ರಜೆಯನ್ನು ನಿರಾಕರಿಸಲಾಗಿತ್ತು. ನ್ಯಾಯಾಲಯ ಆ ನಿರಾಕರಣೆಯನ್ನು ಒಪ್ಪಲಿಲ್ಲ. ಪ್ರಸೂತಿ ರಜೆ ಹೆಣ್ಣಿನ ಸಂತಾನದ ಹಕ್ಕಿಗೆ ಸೇರಿದುದೆಂದು ಹೇಳಿ ರಜೆಯನ್ನು ಕೊಡಿಸಿತು.

ರಜೆ ಕೊಡದಿರುವುದು ಒಂದು ಬಗೆಯ ಅನ್ಯಾಯವಾದರೆ, ಬೇಡವೆಂದರೂ ಮನೆಗೆ ಕಳುಹಿಸುವುದು ಇನ್ನೊಂದು ಬಗೆ. ಅಮೆರಿಕಾದ ಕ್ಲೀವ್‌ಲ್ಯಾಂಡ್ ನಗರದ ಶಾಲೆಗಳಲ್ಲಿ, ಹೆರಿಗೆಗೆ ಐದು ತಿಂಗಳಿರುವಾಗಲೇ ಉಪಾಧ್ಯಾಯಿನಿ ವೇತನವಿಲ್ಲದೆ ಹೊರಗೆ ಹೋಗತಕ್ಕದ್ದೆಂಬ ನಿಯಮವಿತ್ತು. ಹೊಟ್ಟೆಯನ್ನು ನೋಡಿ ಮಕ್ಕಳು ನಕ್ಕಾರೆಂಬುದೂ ಅದರ ಕಾರಣಗಳಲ್ಲೊಂದೆಂದು ಮೊಕದ್ದಮೆಯ ದಾಖಲೆ ಹೇಳುತ್ತದೆ. ೧೯೭೪ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಆ ನಿಯಮವನ್ನು ತೊಡೆದುಹಾಕಿತು. ಎಲ್ಲ ಹೆಂಗಸರ ಮೈಯೂ ಒಂದೇ ಅಲ್ಲ. ಒಬ್ಬಳು ಒಂಬತ್ತನೆಯ ತಿಂಗಳವರೆಗೆ ಲವಲವಿಕೆಯಿಂದ ಪಾಠ ಹೇಳಬಲ್ಲಳು, ಇನ್ನೊಬ್ಬಳಿಗೆ ಆರನೆಯ ತಿಂಗಳಿನಿಂದಲೇ ಹಾಸಿಗೆ ಬೇಕಾಗಬಹುದು. ಯಾವಾಗ ನಿಲ್ಲಬೇಕೆಂಬುದನ್ನು ತೀರ್ಮಾನಿಸತಕ್ಕವರು ಆಕೆ ಮತ್ತು ಆಕೆಯ ವೈದ್ಯರು. ಅತ್ತೆಯೂ ಅಲ್ಲ, ಅಧಿಕಾರಿಯೂ ಅಲ್ಲ.

ಆ ತೀರ್ಮಾನದಲ್ಲಿ ಒಂದು ಸಣ್ಣ ಲೆಕ್ಕವನ್ನು ಮರೆಯಬಾರದು. ಕೂಸಿಗೆ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ಬೇರೇನೂ ಬೇಡ. ರಜೆಯೂ ಆರು ತಿಂಗಳೇ. ಹೆರಿಗೆಗೆ ಒಂದು ತಿಂಗಳು ಮುಂಚೆ ರಜೆ ಹಿಡಿದವಳು ಕೂಸಿಗೆ ಐದು ತಿಂಗಳಾಗುವಷ್ಟರಲ್ಲಿ ಶಾಲೆಗೆ ಮರಳಬೇಕಾಗುತ್ತದೆ. ಮೈ ತಾಳುವಂತಿದ್ದರೆ ರಜೆಯನ್ನು ಕೂಸಿಗಾಗಿ ಉಳಿಸಿಕೊಳ್ಳುವುದು ಜಾಣತನ. ತಾಳದಿದ್ದರೆ ಮುಂಚೆಯೇ ಹಿಡಿದು, ಮುಂದೆ ಮಕ್ಕಳ ಪಾಲನೆಯ ರಜೆಯನ್ನು ಕೇಳಬಹುದು. ಹಿಂಡಿ ಶುದ್ಧವಾದ ಪಾತ್ರೆಯಲ್ಲಿ ಮುಚ್ಚಿಟ್ಟ ತಾಯಿಯ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆಯ ಕಾಲ ಕೆಡದೆ ಇರುತ್ತದೆ. ಸಮೀಪದಲ್ಲಿಯೇ ಮನೆಯಿದ್ದರೆ ಮಧ್ಯಾಹ್ನದ ವಿರಾಮದಲ್ಲಿ ಅಜ್ಜಿ ಕೂಸನ್ನು ಶಾಲೆಗೆ ಎತ್ತಿಕೊಂಡು ಬಂದರೆ ಯಾರ ಮಾನವೂ ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬಳ ಮಾತು ಉಳಿಯಿತು. ಖಾಯಂ ಹುದ್ದೆಗಳು ಖಾಲಿಯಿರುವ ಶಾಲೆಗಳಲ್ಲಿ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕಿಯೂ ಎರಡು ಜೀವದವಳಾಗಬಲ್ಲಳು. ಆಕೆಯ ನೇಮಕ ಶೈಕ್ಷಣಿಕ ವರ್ಷದೊಡನೆ ಮುಗಿಯತಕ್ಕದ್ದು. ಖಾಯಂ ಉಪಾಧ್ಯಾಯಿನಿ ಕೊಂಕು ನುಡಿಗೆ ಅಂಜಿ ಬಸಿರನ್ನು ಮುಚ್ಚಿಟ್ಟರೆ, ಈಕೆ ಅನ್ನಕ್ಕೆ ಅಂಜಿ ಮುಚ್ಚಿಡುತ್ತಾಳೆ. ದಿನಗೂಲಿಯ ಹೆಂಗಸರಿಗೂ ಹೆರಿಗೆಯ ಸೌಲಭ್ಯ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೦ದ ಮಾರ್ಚಿಯಲ್ಲಿ ದೆಹಲಿ ನಗರಪಾಲಿಕೆಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಆ ಸೌಲಭ್ಯ ಮುಗಿಯದೆಂದು ೨೦೨೩ರಲ್ಲಿ ಮತ್ತೊಂದು ಮೊಕದ್ದಮೆಯಲ್ಲಿ ಹೇಳಿತು. ತೀರ್ಪುಗಳು ದೆಹಲಿಯಿಂದ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದವರೆಗೆ ನಡೆದು ಬರಬೇಕಾದರೆ ಯಾರಾದರೂ ಕೈಹಿಡಿದು ಕರೆತರಬೇಕು. ಮನವಿಯನ್ನು ಬರೆಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದು, ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಮೊದಲ ಹೆಜ್ಜೆ. ಆಕೆಯ ಪರವಾಗಿ ನಾಲ್ಕು ಮಾತಾಡುವುದು ಖಾಯಂ ಉಪಾಧ್ಯಾಯಿನಿಯರ ಸಂಘದವರಿಗೆ ಒಪ್ಪುವ ಎರಡನೆಯ ಹೆಜ್ಜೆ. ಆರು ತಿಂಗಳ ವಿಶ್ರಾಂತಿಯ ಬೆಲೆಯನ್ನು ಅನುಭವಿಸಿ ಬಲ್ಲವರು ಅವರೇ ಅಲ್ಲವೇ?

ಮಕ್ಕಳ ವಿಷಯದಲ್ಲಿ ದೊಡ್ಡವರ ಭಯ ಅನಾವಶ್ಯಕ. ಹಸು ಗಬ್ಬವಾದುದನ್ನೂ ಕರು ಹಾಕಿದುದನ್ನೂ ಕಂಡು ಬೆಳೆದ ಹಳ್ಳಿಯ ಮಕ್ಕಳಿಗೆ ಮೇಡಮ್ಮನವರ ಬಸಿರು ವಿಚಿತ್ರವೇನಲ್ಲ. "ಮೇಡಮ್ಮನವರು ಭಾರ ಎತ್ತಬಾರದು" ಎಂದು ಒಂದು ಸಲ ಹೇಳಿದರೆ ಸಾಕು, ಪುಸ್ತಕದ ಕಟ್ಟನ್ನು ಹೊರಲು ಹತ್ತು ಪುಟ್ಟ ಕೈಗಳು ಮುಂದೆ ಬರುತ್ತವೆ. ಎರಡು ಜೀವದವಳಿಗೆ ದಾರಿ ಬಿಡಬೇಕು, ಆಸನ ಬಿಡಬೇಕು, ಆಕೆ ಕೇಳುವ ಮುಂಚೆಯೇ ನೆರವಾಗಬೇಕೆಂಬುದನ್ನು ಗಂಡುಹುಡುಗರು ಎಂಟನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಕಲಿತರೆ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮನೆಯಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಉಪಾಧ್ಯಾಯಿನಿ ತಲೆಯೆತ್ತಿ ತನ್ನ ಬಸಿರಿನೊಡನೆ ತರಗತಿಯಲ್ಲಿ ನಿಂತಾಗ ಮಾತ್ರ ಆ ಪಾಠ ಮಕ್ಕಳಿಗೆ ದೊರೆಯುತ್ತದೆ. ಸೆರಗಿನ ಮರೆಯಲ್ಲಿ ದೊರೆಯುವುದಿಲ್ಲ.